ಕೊಟ್ಟಿಗೆಗೆ ಹೋಗುವ ಮುನ್ನ ಮಾತ್ರೆ, ಡೈರಿಯಿಂದ ಬಂದ ಮೇಲೆ ಕಾಫಿ

ನಡುವಯಸ್ಸಿನ ಥೈರಾಯ್ಡ್ ತೊಂದರೆ ಮತ್ತು ಮೈತೂಕ



ಹಸು ಮೇವು ಬಿಟ್ಟರೆ, ಹಾಲಿನ ಫ್ಯಾಟ್ ಇದ್ದಕ್ಕಿದ್ದಂತೆ ಇಳಿದರೆ ನೀವು ಅದೇ ದಿನ ಸಂಘದ ಕಾರ್ಯದರ್ಶಿಯನ್ನು ವಿಚಾರಿಸುತ್ತೀರಿ, ಪಶುವೈದ್ಯರಿಗೆ ಹೇಳಿಕಳುಹಿಸುತ್ತೀರಿ. ಆದರೆ ಅದೇ ಹಸುವಿನ ಹಾಲು ಕರೆಯುವ ಮನೆಯಾಕೆ ‘ಯಾಕೋ ಆರು ತಿಂಗಳಿಂದ ಮೈಯೆಲ್ಲಾ ಭಾರ, ಏಳಲು ಕೂರಲು ಆಗುತ್ತಿಲ್ಲ’ ಎಂದರೆ ‘ವಯಸ್ಸಾಯಿತಲ್ಲ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಆಕೆಯೂ ಅದನ್ನೇ ನಂಬಿ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋಗುತ್ತಾಳೆ.

ನಲವತ್ತು ದಾಟಿದ ಹೆಂಗಸರಲ್ಲಿ ಇಂಥ ಸುಸ್ತಿಗೆ ಇರಬಹುದಾದ ಕಾರಣಗಳಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆಯೂ ಒಂದು. ಮಹಿಳಾ ಸಂಘಗಳ ಸಭೆಗಳಲ್ಲಿ ಆರೋಗ್ಯದ ಮಾತು ಬಂದಾಗಲೆಲ್ಲ ಎರಡು ಮಾತುಗಳು ಕೇಳಿಬರುತ್ತವೆ. ‘ನನಗೆ ಥೈರಾಯ್ಡ್ ಇದೆ, ಅದಕ್ಕೇ ಇಷ್ಟು ದಪ್ಪ’ ಎಂಬುದು ಒಂದು. ‘ಮಾತ್ರೆ ನುಂಗಿ ನುಂಗಿ ಸಾಕಾಯಿತು, ತೂಕವೇನೂ ಇಳಿಯಲಿಲ್ಲ, ಬಿಟ್ಟುಬಿಟ್ಟೆ’ ಎಂಬುದು ಇನ್ನೊಂದು. ಮೊದಲನೆಯ ಮಾತಿನಲ್ಲಿ ಸ್ವಲ್ಪ ನಿಜವಿದೆ. ಎರಡನೆಯದು ಅಪಾಯದ ಮಾತು. ಇವೆರಡನ್ನೂ ಸ್ವಲ್ಪ ಬಿಡಿಸಿ ನೋಡೋಣ.

ಗ್ರಂಥಿಯ ಕೆಲಸವೇನು?

ಥೈರಾಯ್ಡ್ ಎಂಬುದು ರೋಗದ ಹೆಸರಲ್ಲ. ಅದು ಎಲ್ಲರ ಕತ್ತಿನ ಮುಂಭಾಗದಲ್ಲಿ, ಗಂಟಲ ಮಣಿಯ ಕೆಳಗೆ ಚಿಟ್ಟೆ ರೆಕ್ಕೆ ಬಿಚ್ಚಿ ಕುಳಿತಂತೆ ಇರುವ ಪುಟ್ಟ ಗ್ರಂಥಿ. ನಾವು ತಿನ್ನುವ ಉಪ್ಪು, ಹಾಲು, ಮೀನು ಮುಂತಾದವುಗಳಲ್ಲಿರುವ ಅಯೋಡಿನ್ ಬಳಸಿಕೊಂಡು ಅದು ಥೈರಾಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಎದೆ ಎಷ್ಟು ಬೇಗ ಬಡಿಯಬೇಕು, ಮೈ ಎಷ್ಟು ಬೆಚ್ಚಗಿರಬೇಕು, ತಿಂದದ್ದು ಎಷ್ಟು ಬೇಗ ಖರ್ಚಾಗಬೇಕು ಎಂಬುದೆಲ್ಲ ಈ ಹಾರ್ಮೋನಿನ ಹಿಡಿತದಲ್ಲಿದೆ. ಒಲೆಯ ಉರಿಯನ್ನು ಏರಿಸಿ ಇಳಿಸುವ ಕೆಲಸ ಎಂದುಕೊಳ್ಳಿ. ಉರಿ ಕಡಿಮೆಯಾದರೆ ಎಲ್ಲವೂ ನಿಧಾನವಾಗುತ್ತದೆ: ಚಳಿ ತಡೆಯಲಾಗುವುದಿಲ್ಲ, ಮಲಬದ್ಧತೆ, ಒಣಗಿದ ಚರ್ಮ, ಉದುರುವ ಕೂದಲು, ಬೆಳಿಗ್ಗೆ ಎದ್ದಾಗ ಊದಿಕೊಂಡ ಮುಖ, ಗೊಗ್ಗರು ದನಿ, ಮರೆವು, ಯಾವುದರಲ್ಲೂ ಉತ್ಸಾಹವಿಲ್ಲದಿರುವುದು. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳು ರಾತ್ರಿ ಜೋಮು ಹಿಡಿಯುವುದೂ ಇದರ ಒಂದು ಲಕ್ಷಣ. ಕೈಯಲ್ಲಿ ಹಾಲು ಕರೆಯುವವರಿಗೆ ಕೆಲಸದಿಂದಲೇ ಹೀಗೆ ಜೋಮು ಬರುವುದುಂಟು. ಆದ್ದರಿಂದ ನಮ್ಮವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಉರಿ ಹೆಚ್ಚಾಗುವುದೂ ಉಂಟು. ಆಗ ತಿಂದರೂ ತೂಕ ಇಳಿಯುತ್ತದೆ, ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಸೆಕೆ ತಡೆಯಲಾಗುವುದಿಲ್ಲ. ಅದರ ಚಿಕಿತ್ಸೆಯೇ ಬೇರೆ. ಈ ಲೇಖನದಲ್ಲಿ ಹೇಳುತ್ತಿರುವುದು ಹೆಚ್ಚು ಜನರಲ್ಲಿ ಕಾಣುವ, ಉರಿ ಕಡಿಮೆಯಾಗುವ ತೊಂದರೆಯ ಬಗ್ಗೆ ಮಾತ್ರ.

ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಒಂದೇ ಮನೆತನದ ತಾಯಿ, ಮಗಳು, ಅಕ್ಕತಂಗಿಯರಲ್ಲಿ ಕಾಣಿಸಿಕೊಳ್ಳುವುದೂ ಸಾಮಾನ್ಯ. ಹಿಂದೆ ಅಯೋಡಿನ್ ಕೊರತೆಯೇ ಮುಖ್ಯ ಕಾರಣವಾಗಿತ್ತು. ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ಗಳಗಂಡ ಕಡಿಮೆಯಾಗುವುದನ್ನು ತೋರಿಸಿಕೊಟ್ಟರು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ಅಯೋಡಿನ್ ಉಪ್ಪು ಬಳಸುವ ಮನೆಗಳಲ್ಲೂ ಥೈರಾಯ್ಡ್ ತೊಂದರೆ ಬರುತ್ತಿರುವುದಕ್ಕೆ ಬೇರೆ ಕಾರಣವಿದೆ. ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ತಪ್ಪಿ ಈ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಜಪಾನಿನ ವೈದ್ಯ ಹಶಿಮೊಟೊ 1912ರಲ್ಲೇ ಇದನ್ನು ವಿವರಿಸಿದ್ದರು. ಹೀಗೆ ಹಾಳಾದ ಗ್ರಂಥಿಗೆ ಹೆಚ್ಚು ಅಯೋಡಿನ್ ಕೊಟ್ಟರೆ ಗುಣವಾಗುವುದಿಲ್ಲ. ಆದ್ದರಿಂದ ‘ಥೈರಾಯ್ಡ್ ಇದೆ’ ಎಂದು ಸಾರಿಗೆ ಉಪ್ಪು ಹೆಚ್ಚು ಹಾಕಿಕೊಳ್ಳುವುದು ಬೇಡ, ರಕ್ತದೊತ್ತಡ ಏರೀತು.

ಉಪ್ಪಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಹಸುವಿಗೆಂದು ಮೂಟೆಯಲ್ಲಿ ತರುವ ಹರಳುಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಬೆರೆಸಿರುವುದಿಲ್ಲ. ಅದನ್ನೇ ಒಂದು ಡಬ್ಬಿ ಅಡಿಗೆಮನೆಗೂ ತೆಗೆದಿಡುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಹಸುವಿಗೆ ಕೊಡುವ ಖನಿಜ ಮಿಶ್ರಣದಲ್ಲಿ ಅಯೋಡಿನ್ ಸೇರಿರುತ್ತದೆ, ಮನೆಯವರ ಸಾರಿನಲ್ಲಿ ಇರುವುದಿಲ್ಲ! ಅಡಿಗೆಗೆ ಅಯೋಡಿನ್ ಉಪ್ಪನ್ನೇ ತನ್ನಿ, ಮುಚ್ಚಳವಿರುವ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ.

ವಯಸ್ಸೋ, ಥೈರಾಯ್ಡೋ?

ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸು ಮತ್ತು ಮುಟ್ಟು ನಿಲ್ಲುವ ವಯಸ್ಸು ಒಂದರ ಮೇಲೊಂದು ಬರುವುದರಿಂದಲೇ ಗೊಂದಲ. ಸುಸ್ತು, ನಿದ್ದೆಗೆಡುವುದು, ಸಿಡುಕು, ಮುಟ್ಟಿನ ಏರುಪೇರು, ಸೊಂಟದ ಸುತ್ತ ಕೊಬ್ಬು ಸೇರುವುದು ಎರಡರಲ್ಲೂ ಇವೆ. ಮೈಯೆಲ್ಲ ಬಿಸಿಯಾಗಿ ಬೆವರುವುದು ಮುಟ್ಟು ನಿಲ್ಲುವ ಕಾಲದ ಲಕ್ಷಣ, ಚಳಿ ತಡೆಯಲಾಗದಿರುವುದು ಥೈರಾಯ್ಡಿನದು ಎಂದು ಸ್ಥೂಲವಾಗಿ ಹೇಳಬಹುದಾದರೂ ಬರಿಗಣ್ಣಿನಿಂದ ನಿರ್ಧರಿಸಲು ಆಗದು. ಫ್ಯಾಟ್ ಎಷ್ಟಿದೆ ಎಂದು ಹಾಲಿನ ಬಣ್ಣ ನೋಡಿ ಹೇಳಿದರೆ ನೀವು ಒಪ್ಪುತ್ತೀರಾ? ಪರೀಕ್ಷೆ ಮಾಡಿ ಎನ್ನುತ್ತೀರಿ. ಇಲ್ಲಿಯೂ ಹಾಗೆಯೇ.

ಆ ಪರೀಕ್ಷೆಯ ಹೆಸರು ಟಿ.ಎಸ್.ಎಚ್. ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಮೇಸ್ತ್ರಿ ಇದ್ದಂತೆ. ಆಳು ಕೆಲಸ ನಿಧಾನ ಮಾಡಿದರೆ ಮೇಸ್ತ್ರಿಯ ಕೂಗು ಜೋರಾಗುತ್ತದೆ. ಟಿ.ಎಸ್.ಎಚ್. ಎಂಬುದು ಆ ಕೂಗು. ಅಂಕಿ ಏರಿದ್ದರೆ ಥೈರಾಯ್ಡ್ ಸೋತಿದೆ ಎಂದರ್ಥ. ಇದು ತಿಳಿಯದ ಅನೇಕರು ‘ನನಗೆ ಥೈರಾಯ್ಡ್ ಜಾಸ್ತಿ ಆಗಿದೆ’ ಎಂದು ತಲೆಕೆಳಗಾಗಿ ಹೇಳುತ್ತಾರೆ. ಸಾಧಾರಣವಾಗಿ 0.4ರಿಂದ 4ರ ಆಸುಪಾಸು ಸರಿಯಾದ ಮಟ್ಟ. 4 ದಾಟಿ 10ರ ಒಳಗಿದ್ದು, ಜೊತೆಗೆ ಮಾಡುವ ಟಿ-4 ಪರೀಕ್ಷೆ ಸರಿಯಿದ್ದರೆ, ಅನೇಕರಿಗೆ ಒಡನೆಯೇ ಮಾತ್ರೆ ಬೇಕಾಗುವುದಿಲ್ಲ. ಎರಡು ಮೂರು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ತೀರ್ಮಾನಿಸುತ್ತಾರೆ. ಮನೆಯಲ್ಲಿ ಸೊಸೆಯೋ ಮಗಳೋ ಗರ್ಭಿಣಿಯಾಗಿದ್ದರೆ ಮಾತ್ರ ಈ ಲೆಕ್ಕ ಹಿಡಿಯದು, ಅವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಕೂದಲು ಬೆಳೆಯಲೆಂದು ಬಯೋಟಿನ್ ಮಾತ್ರೆ ನುಂಗುತ್ತಿರುವವರು ರಕ್ತ ಕೊಡುವ ಮುನ್ನ ಅದನ್ನು ತಿಳಿಸಬೇಕು. ಅದು ಫಲಿತಾಂಶವನ್ನೇ ತಪ್ಪಾಗಿ ತೋರಿಸಬಲ್ಲದು. ಇದೇ ರಕ್ತದಲ್ಲಿ ಹಿಮೋಗ್ಲೋಬಿನ್ ಮತ್ತು ಸಕ್ಕರೆಯನ್ನೂ ನೋಡಿಸಿಬಿಡಿ. ನಮ್ಮ ಹೆಂಗಸರ ಸುಸ್ತಿಗೆ ರಕ್ತಹೀನತೆಯೂ ದೊಡ್ಡ ಕಾರಣ.

ಒಂದು ಹಳೆಯ ಕಥೆ

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ ಜಾರ್ಜ್ ಮರ‍್ರೆ ಎಂಬ ಯುವ ವೈದ್ಯರು ಇದೇ ರೋಗದ 46 ವರ್ಷದ ಹೆಣ್ಣುಮಗಳೊಬ್ಬಳಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಸೂಜಿಯ ಮೂಲಕ ಕೊಟ್ಟರು. ಮುಖದ ಊತ ಇಳಿಯಿತು, ಮಾತು ಚುರುಕಾಯಿತು. ಆಕೆ ಮುಂದೆ 28 ವರ್ಷ ಬದುಕಿ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ವರ್ಷಗಳಲ್ಲಿ ಆಕೆಯ ಔಷಧಿಗೆ 870 ಕುರಿಗಳ ಗ್ರಂಥಿಗಳು ಬೇಕಾದವು! 1914ರಲ್ಲಿ ಅಮೆರಿಕದ ಕೆಂಡಾಲ್ ಎಂಬವರು ಥೈರಾಕ್ಸಿನನ್ನು ಬೇರ್ಪಡಿಸಿದರು, 1927ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸುವುದು ಸಾಧ್ಯವಾಯಿತು. ಇಂದಿನ ಸಣ್ಣ ಮಾತ್ರೆಯಲ್ಲಿರುವುದು ಕಾರ್ಖಾನೆಯಲ್ಲಿ ತಯಾರಾದ ಥೈರಾಕ್ಸಿನ್. ನಮ್ಮ ಗ್ರಂಥಿ ಮಾಡಬೇಕಾಗಿದ್ದ ಅದೇ ವಸ್ತು. ಆದ್ದರಿಂದ ‘ಈ ಮಾತ್ರೆ ಒಮ್ಮೆ ಅಭ್ಯಾಸವಾದರೆ ಬಿಡುವುದಿಲ್ಲ’ ಎಂಬ ಹೆದರಿಕೆಗೆ ಅರ್ಥವಿಲ್ಲ. ಬಾವಿ ಬತ್ತಿದ ಮನೆಗೆ ಹೊರಗಿನಿಂದ ನೀರು ತರುವುದು ಚಟವಲ್ಲ. ಬಹುಪಾಲು ಜನರಿಗೆ ಜೀವನವಿಡೀ ಬೇಕಾಗುತ್ತದೆ ಎಂಬುದು ನಿಜ. ಕೆಲವರಿಗೆ ಬೇಡವಾಗುವುದೂ ಉಂಟು, ಅದನ್ನು ಪರೀಕ್ಷೆ ಮಾಡಿಸಿ ವೈದ್ಯರೇ ಹೇಳಬೇಕು.

ಮಾತ್ರೆ ನುಂಗುವ ಹೊತ್ತು

ಇದು ಈ ಲೇಖನದ ಮುಖ್ಯ ಭಾಗ, ದಯವಿಟ್ಟು ಗಮನವಿಟ್ಟು ಓದಿ. ಥೈರಾಕ್ಸಿನ್ ಮಾತ್ರೆ ಬಹಳ ಸೂಕ್ಷ್ಮ. ಅದನ್ನು ಮಿಲಿಗ್ರಾಮಿನಲ್ಲಿ ಅಲ್ಲ, ಮಿಲಿಗ್ರಾಮಿನ ಸಾವಿರದಲ್ಲೊಂದು ಭಾಗವಾದ ಮೈಕ್ರೋಗ್ರಾಮಿನಲ್ಲಿ ಅಳೆಯುತ್ತಾರೆ. ಬಾಟಲಿಯ ಮೇಲೆ 25, 50, 100 ಎಂದು ಬರೆದಿರುವುದು ಅದೇ. ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿದರೆ ಮಾತ್ರ ಅದು ಸರಿಯಾಗಿ ರಕ್ತಕ್ಕೆ ಸೇರುತ್ತದೆ. ಕಾಫಿ ಅದನ್ನು ತಡೆಯುತ್ತದೆ. ಹಾಲೂ ತಡೆಯುತ್ತದೆ. ಹಾಲಿನ ಒಕ್ಕೂಟದ ಪತ್ರಿಕೆಯಲ್ಲೇ ಹಾಲಿನ ಮೇಲೆ ದೂರು ಬರೆಯುತ್ತಿದ್ದಾರಲ್ಲ ಎನ್ನಬೇಡಿ. ದೂರು ಹಾಲಿನ ಮೇಲಲ್ಲ, ಹೊತ್ತಿನ ಮೇಲೆ. ಹಾಲಿನಲ್ಲಿ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಧಾರಾಳವಾಗಿದೆ. ಅದೇ ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಈ ಮಾತ್ರೆಗೆ ಅಂಟಿಕೊಂಡು ಅದನ್ನು ಒಳಗೆ ಹೋಗಗೊಡುವುದಿಲ್ಲ.

ಈಗ ನಮ್ಮ ಮನೆಗಳ ಬೆಳಗನ್ನು ನೆನೆಯಿರಿ. ಐದಕ್ಕೆ ಏಳುವುದು, ಒಲೆ ಹಚ್ಚಿ ಕಾಫಿ, ಕಾಫಿಯ ಜೊತೆಗೇ ಮಾತ್ರೆ, ಆಮೇಲೆ ಕೊಟ್ಟಿಗೆ. ಹೀಗೆ ವರ್ಷಗಟ್ಟಲೆ ಮಾತ್ರೆ ನುಂಗಿಯೂ ಟಿ.ಎಸ್.ಎಚ್. ಇಳಿಯದೆ, ವೈದ್ಯರು ಪ್ರಮಾಣ ಏರಿಸುತ್ತಾ ಹೋಗುವ ಸಂದರ್ಭಗಳುಂಟು. ಕ್ರಮವನ್ನು ಸ್ವಲ್ಪ ತಿರುಗಿಸಿ. ಎದ್ದೊಡನೆ ಬಾಯಿ ಮುಕ್ಕಳಿಸಿ ಒಂದು ಲೋಟ ನೀರಿನಲ್ಲಿ ಮಾತ್ರೆ ನುಂಗಿ ಕೊಟ್ಟಿಗೆಗೆ ಹೋಗಿ. ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಡೈರಿಯಲ್ಲಿ ಸರದಿಯಲ್ಲಿ ನಿಂತು ಹಾಲು ಹಾಕಿ ಬರುವಷ್ಟರಲ್ಲಿ ಒಂದು ಗಂಟೆ ತಾನಾಗಿಯೇ ಕಳೆದಿರುತ್ತದೆ. ಆಗ ಕಾಫಿ ಕುಡಿಯಿರಿ. ಪಟ್ಟಣದ ಹೆಂಗಸರು ಮಾತ್ರೆ ನುಂಗಿ ಗಡಿಯಾರ ನೋಡುತ್ತಾ ಕೂರಬೇಕು, ನಿಮಗೆ ಆ ಕಷ್ಟವಿಲ್ಲ. ಮಾತ್ರೆಯ ಬಾಟಲಿಯನ್ನು ಹಾಲಿನ ಕ್ಯಾನು ಇಡುವ ಜಾಗದ ಹತ್ತಿರ, ಮಕ್ಕಳ ಕೈಗೆ ಎಟುಕದಂತೆ ಇಟ್ಟರೆ ಮರೆಯುವುದೂ ಇಲ್ಲ. ಬಿಸಿಲು, ತೇವ ತಾಗದಂತೆ ನೋಡಿಕೊಳ್ಳಿ.

ರಾಗಿಯಲ್ಲೂ ಕ್ಯಾಲ್ಸಿಯಂ ಹೆಚ್ಚು. ಆದ್ದರಿಂದ ರಾಗಿ ಗಂಜಿಯೂ ಮಾತ್ರೆಯ ಜೊತೆಗೆ ಬೇಡ, ಒಂದು ಗಂಟೆ ಕಳೆಯಲಿ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ನಾಲ್ಕು ಗಂಟೆಯಾದರೂ ಬಿಟ್ಟು ನುಂಗಬೇಕು. ಮಧ್ಯಾಹ್ನದ ಊಟದ ನಂತರ ಒಂದು, ರಾತ್ರಿ ಊಟದ ನಂತರ ಇನ್ನೊಂದು ಎಂದು ಹಂಚಿಕೊಂಡರೆ ಸರಿ. ಬೆಳಗಿನ ಹೊತ್ತು ಯಾವ ರೀತಿಯಲ್ಲೂ ಹೊಂದಿಕೆಯಾಗದವರು ರಾತ್ರಿ ಊಟವಾಗಿ ಮೂರು ಗಂಟೆಯ ಬಳಿಕ, ಮಲಗುವಾಗ ನುಂಗಬಹುದು. ಆದರೆ ಅದಕ್ಕೆ ವೈದ್ಯರ ಒಪ್ಪಿಗೆ ಪಡೆಯಿರಿ, ಮಲಗುವ ಮುನ್ನ ಹಾಲು ಕುಡಿಯುವ ಅಭ್ಯಾಸವಿದ್ದರೆ ಆ ಹಾಲನ್ನು ಸಂಜೆಗೆ ಹಿಂದೂಡಿ. ಒಂದು ದಿನ ಮರೆತರೆ, ಅಂದೇ ನೆನಪಾದಲ್ಲಿ ಹೊಟ್ಟೆ ಖಾಲಿ ಇದ್ದಾಗ ನುಂಗಿ. ಮರುದಿನ ನೆನಪಾದರೆ ಎಂದಿನಂತೆ ಒಂದೇ ಸಾಕು.

ಈ ಹಾರ್ಮೋನು ದೇಹದಲ್ಲಿ ನಿಧಾನವಾಗಿ ಸೇರಿ ನಿಧಾನವಾಗಿ ಕರಗುತ್ತದೆ. ನುಂಗಿದ್ದರಲ್ಲಿ ಅರ್ಧ ಖರ್ಚಾಗಲು ಸುಮಾರು ಒಂದು ವಾರ ಬೇಕು. ಆದ್ದರಿಂದ ನಾಲ್ಕು ದಿನ ನುಂಗಿ ‘ಏನೂ ಗುಣ ಕಾಣಲಿಲ್ಲ’ ಎನ್ನುವುದೂ ತಪ್ಪು, ಬಿಟ್ಟ ನಾಲ್ಕು ದಿನ ಏನೂ ಆಗಲಿಲ್ಲವೆಂದು ‘ಮಾತ್ರೆ ಬೇಕಿರಲಿಲ್ಲ’ ಎನ್ನುವುದೂ ತಪ್ಪು. ಪ್ರಮಾಣ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ.

ಹಾಗಾದರೆ ತೂಕ?

ಇಲ್ಲಿ ನೇರವಾಗಿ ಹೇಳುವುದು ಒಳ್ಳೆಯದು. ಥೈರಾಯ್ಡ್ ಸೋತದ್ದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೂವರೆ ಕಿಲೋ ಮಾತ್ರ. ಅದರಲ್ಲೂ ಹೆಚ್ಚಿನ ಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು, ಕೊಬ್ಬಲ್ಲ. ಮಾತ್ರೆ ಸರಿಯಾಗಿ ಹಿಡಿದರೆ ಆ ಊತ ಇಳಿಯುತ್ತದೆ. 55 ಕಿಲೋ ಇದ್ದವರು 72 ಕಿಲೋ ಆಗಿದ್ದರೆ ಆ 17 ಕಿಲೋವನ್ನೂ ಥೈರಾಯ್ಡಿನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಮಿಕ್ಕದ್ದು ವಯಸ್ಸು, ಊಟ, ಕೆಲಸಗಳ ಲೆಕ್ಕ.

‘ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ನಮಗೆ ಇನ್ನೇನು ವ್ಯಾಯಾಮ’ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ದುಡಿಮೆಯ ಬಗೆ ಬದಲಾಗಿದೆ. ನಿಮ್ಮ ಅತ್ತೆಯವರು ನಾಟಿ ಹಸುಗಳನ್ನು ಹೊಡೆದುಕೊಂಡು ಗೋಮಾಳ ಸುತ್ತುತ್ತಿದ್ದರು. ಇಂದಿನ ಸೀಮೆಹಸು ಕಟ್ಟಿದಲ್ಲೇ ತಿನ್ನುತ್ತದೆ. ಮೇವು ಕತ್ತರಿಸಲು ಯಂತ್ರ, ನೀರಿಗೆ ಮೋಟಾರು, ಕೆಲವೆಡೆ ಹಾಲು ಕರೆಯಲೂ ಯಂತ್ರ, ಡೈರಿಗೆ ಹೋಗಲು ಮಗನ ಬೈಕು. ಇವು ಬೇಡವೆಂದು ಯಾರೂ ಹೇಳುವುದಿಲ್ಲ, ಬಹಳ ಕಾಲ ಕಾದು ಪಡೆದ ಸೌಕರ್ಯಗಳಿವು. ಬೆನ್ನು ಬಗ್ಗಿಸುವ ಕೆಲಸ ಉಳಿದಿದೆ, ಉಸಿರು ಏರಿಸುವ ನಡಿಗೆ ಹೋಗಿದೆ. ಮುದ್ದೆಯ ಗಾತ್ರ ಮಾತ್ರ ಅತ್ತೆಯವರ ಕಾಲದ್ದೇ ಇದೆ! ಜೊತೆಗೆ ನಲವತ್ತರ ನಂತರ ಸ್ನಾಯು ಕರಗುತ್ತಾ ಬರುವುದರಿಂದ ಅಷ್ಟೇ ತಿಂದರೂ ಮಿಗುತ್ತದೆ.

ರಾಗಿ ಬಿಡಬೇಕಾಗಿಲ್ಲ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಜೊತೆಗೆ ಇಮ್ಮಡಿ ಸೊಪ್ಪು, ಕಾಳು. ಹುರುಳಿ, ಅವರೆ, ಹೆಸರು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ಮಜ್ಜಿಗೆ, ಒಂದು ಬಟ್ಟಲು ಮೊಸರು ಸ್ನಾಯುವನ್ನು ಕಾಪಾಡುತ್ತವೆ. ಡೈರಿಗೆ ಹಾಲೆಲ್ಲಾ ಹಾಕಿ ಮನೆಗೆ ಉಳಿಸಿಕೊಳ್ಳದಿರುವ ಸದಸ್ಯರೂ ನಮ್ಮಲ್ಲಿದ್ದಾರೆ. ಮುಟ್ಟು ನಿಂತ ಮೇಲೆ ಎಲುಬು ಸವೆಯುವುದು ಹೆಚ್ಚು, ದಿನಕ್ಕೆ ಅರ್ಧ ಲೀಟರು ಹಾಲು ಮನೆಯವರಿಗೆ ಉಳಿಸಿಕೊಂಡರೆ ಬಟವಾಡೆಯಲ್ಲಿ ನಷ್ಟವೆಂದು ತಿಳಿಯಬೇಡಿ. ಸಕ್ಕರೆಯ ಲೆಕ್ಕ ಒಮ್ಮೆ ಹಾಕಿ ನೋಡಿ: ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ ಎಂದರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ 1 ಕಿಲೋ 200 ಗ್ರಾಂ. ಒಬ್ಬರಿಗೆ! ಬೆಲ್ಲ ಹಾಕಿದರೂ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ಎಲೆಕೋಸು, ಹೂಕೋಸು ತಿನ್ನಬಾರದೆಂಬ ಮಾತು ಹರಡಿದೆ. ಅಯೋಡಿನ್ ಉಪ್ಪು ಬಳಸುವವರು ಬೇಯಿಸಿದ ಕೋಸನ್ನು ಎಂದಿನ ಪ್ರಮಾಣದಲ್ಲಿ ತಿಂದರೆ ತೊಂದರೆಯಿಲ್ಲ.

ನಡಿಗೆಗೆ ಬೇರೆ ಹೊತ್ತು ಹುಡುಕಬೇಕಿಲ್ಲ. ಸಂಜೆಯ ಹಾಲನ್ನು ಮಗ ಗಾಡಿಯಲ್ಲಿ ಒಯ್ಯಲಿ, ನೀವು ಬರಿಗೈಯಲ್ಲಿ ಬಿರುಸಾಗಿ ನಡೆದು ಹೋಗಿ ಬನ್ನಿ. ಮಾತನಾಡಬಹುದು, ಹಾಡಲಾಗದು ಎನ್ನುವಷ್ಟು ಬಿರುಸು. ವಾರಕ್ಕೆ ಐದು ದಿನ ಅರ್ಧ ಗಂಟೆ ಆದರೆ ಸಾಕು. ಮಂಡಿನೋವು ಇರುವವರು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂತು ಮಾಡಿದರೂ ತೊಡೆಗೆ ಬಲ ಬರುತ್ತದೆ. ಮಾತ್ರೆ ಹಿಡಿಯುವವರೆಗಿನ ಮೊದಲ ಎರಡು ತಿಂಗಳು ಸುಸ್ತು ಇದ್ದೇ ಇರುತ್ತದೆ, ಆಗ ಹತ್ತು ನಿಮಿಷ ನಡೆದರೂ ಸರಿ.

ಗುರಿಯೂ ಸಣ್ಣದಿರಲಿ. 72 ಕಿಲೋ ಇರುವವರು ಆರು ತಿಂಗಳಲ್ಲಿ ಮೂರೂವರೆ ಕಿಲೋ ಇಳಿಸಿದರೆ ರಕ್ತದೊತ್ತಡ, ಸಕ್ಕರೆ, ಮಂಡಿನೋವು ಮೂರಕ್ಕೂ ಗುಣ ಕಾಣುತ್ತದೆ. ತಕ್ಕಡಿ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು: ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂಟಿಮೀಟರು, ಗಂಡಸರಿಗೆ 90 ಸೆಂಟಿಮೀಟರು ದಾಟಬಾರದು.

ಬೇಗ ಇಳಿಯಲೆಂದು ಯಾರೂ ಥೈರಾಕ್ಸಿನ್ ಮಾತ್ರೆಯನ್ನು ಹೆಚ್ಚು ನುಂಗಬಾರದು. ನೆರೆಮನೆಯವರ ಬಾಟಲಿಯಿಂದ ಪಡೆದು ನುಂಗುವುದಂತೂ ಕೂಡದು. ಪ್ರಮಾಣ ಮೀರಿದರೆ ಎದೆಬಡಿತ ತಾಳ ತಪ್ಪುತ್ತದೆ, ಎಲುಬು ಟೊಳ್ಳಾಗುತ್ತದೆ. ಮುಟ್ಟು ನಿಂತವರಿಗೆ ಈ ಅಪಾಯ ಇನ್ನೂ ಹೆಚ್ಚು. ಹೃದಯದ ಕಾಯಿಲೆ ಇರುವವರಿಗೆ ವೈದ್ಯರು ಬಹಳ ಸಣ್ಣ ಪ್ರಮಾಣದಿಂದ ಆರಂಭಿಸುವುದು ಇದೇ ಕಾರಣಕ್ಕೆ. ಸಂತೆಯಲ್ಲಿ ಮಾರುವ ಮೈ ಕರಗಿಸುವ ಪುಡಿಗಳಲ್ಲಿ ಏನು ಬೆರೆಸಿದ್ದಾರೆಂದು ತಿಳಿಯುವ ದಾರಿಯಿಲ್ಲ, ಅವುಗಳ ಗೊಡವೆ ಬೇಡ. ಕತ್ತಿನಲ್ಲಿ ಗಂಟು ಬೆಳೆಯುತ್ತಿದ್ದರೆ, ನುಂಗಲು ಕಷ್ಟವಾದರೆ, ದನಿ ಬದಲಾಗಿ ವಾರಗಟ್ಟಲೆ ಹಾಗೆಯೇ ಉಳಿದರೆ ವೈದ್ಯರಿಗೆ ತೋರಿಸಿ. ಮಾತ್ರೆ ಬಿಟ್ಟವರು ವಿಪರೀತ ನಿದ್ದೆಗಣ್ಣಾಗಿ, ಮೈ ತಣ್ಣಗಾಗಿ, ಮಾತು ತಡವರಿಸಿದರೆ ಒಡನೆ ಆಸ್ಪತ್ರೆಗೆ ಸೇರಿಸಿ.

ಮನೆಯ ಗಂಡಸರಿಗೂ ಒಂದು ಮಾತು. ಔಷಧಿ ಅಂಗಡಿಗೆ ಹೋಗುವವರು ಸಾಮಾನ್ಯವಾಗಿ ನೀವೇ. ಬಾಟಲಿಯಲ್ಲಿ ಹತ್ತು ಮಾತ್ರೆ ಉಳಿದಿರುವಾಗಲೇ ಹೊಸದನ್ನು ತನ್ನಿ, ಅದೇ ಕಂಪನಿಯದು, ಅದೇ ಅಂಕಿಯದು ಎಂದು ನೋಡಿ ತನ್ನಿ. ಹಸುವಿಗೆ ಚುಚ್ಚುಮದ್ದು ಹಾಕಿಸಿದ ತಾರೀಖು ಬರೆದಿಡುವ ಪುಸ್ತಕದಲ್ಲೇ ಒಂದು ಪುಟ ಬಿಟ್ಟು ಟಿ.ಎಸ್.ಎಚ್. ಅಂಕಿ, ಮಾತ್ರೆಯ ಪ್ರಮಾಣ, ಮುಂದಿನ ಪರೀಕ್ಷೆಯ ತಾರೀಖು ಬರೆದಿಡಿ. ಅಂಕಿ ಒಂದು ಮಟ್ಟಕ್ಕೆ ನಿಂತ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಸಾಕಾಗುತ್ತದೆ. ಪರೀಕ್ಷೆಯ ದಿನ ಮಾತ್ರ ಬಾಟಲಿಯನ್ನು ಜೊತೆಗೇ ಒಯ್ದು, ರಕ್ತ ಕೊಟ್ಟ ಮೇಲೆ ಅಂದಿನ ಮಾತ್ರೆ ನುಂಗಬೇಕು.